ದಂಡೆಗೆ ಬಂದ ಸೀಗಡಿ

ಅಲಿಂಗ್ ಆವತ್ತು ಬೆಳಗ್ಗೆ ಕೊಳಕ್ಕೆ ಬಂದಾಗ ಮೊದಲು ಕಣ್ಣಿಗೆ ಬಿದ್ದದ್ದು ಸೀಗಡಿ. ತೆಂಕಣ ಏರಿಯ ಬುಡದಲ್ಲಿ, ನೀರಿನ ಅಂಚಿನ ಹುಲ್ಲಿಗೆ ಅಂಟಿಕೊಂಡು ರಾಶಿ ಬಿದ್ದಿದ್ದವು. ಕೆಲವು ಇನ್ನೂ ಬಾಲ ಬಡಿಯುತ್ತಿದ್ದವು. ಕೆಲವು ನೀರನ್ನೇ ಬಿಟ್ಟು ಮಣ್ಣಿಗೆ ಹಾರಿ, ಅಲ್ಲೇ ಬಿಳಚಿಕೊಂಡು ಮುದುಡಿದ್ದವು.

ಮೀನಿಗೆಂದು ತಂದ ಹುಲ್ಲಿನ ಬುಟ್ಟಿ ಇಳಿಸಿ ಅವಳು ಕುಕ್ಕರಗಾಲಲ್ಲಿ ಕೂತಳು. ಸೆಖೆ ಜಾಸ್ತಿಯಾದರೆ ನೀರಿಗೆ ಉಸಿರು ಕಟ್ಟುತ್ತದೆ, ಆಗ ಸೀಗಡಿ ದಂಡೆಗೆ ಬರುವುದುಂಟು. ಆದರೆ ಆಗ ಮೀನೂ ಸುಮ್ಮನಿರುವುದಿಲ್ಲ, ಕೊಳದ ತುಂಬ ಮೇಲೆ ಬಂದು ಬಾಯಿ ಬಾಯಿ ಬಿಡುತ್ತವೆ. ಆವತ್ತು ಒಂದು ಮೀನೂ ಮೇಲೆ ಬಂದಿರಲಿಲ್ಲ. ಬಡಗಣ ದಂಡೆಗೆ ಓಡಿ ಹೋಗಿ ನೋಡಿದಳು. ಅಲ್ಲಿ ಸೀಗಡಿ ಕಲ್ಲಿನ ಸಂದಿಯಲ್ಲಿ ಮೀಸೆ ಆಡಿಸಿಕೊಂಡು ಆರಾಮಾಗಿದ್ದವು. ಕೆಟ್ಟದ್ದು ತೆಂಕಣ ಅಂಚು ಮಾತ್ರ.

ಮತ್ತೆ ಬಂದು ಏರಿ ಹತ್ತಿದಳು. ಏರಿಯ ಆಚೆ ಫಾಶೆಂಗನ ಭತ್ತದ ಗದ್ದೆ. ಬದುವಿನ ಕೆಸರಲ್ಲಿ ಹೊಸ ಹೆಜ್ಜೆ, ಒಂದು ಕೋಲಿಗೆ ಬೋರಲು ಹಾಕಿದ ಕಂದು ಸೀಸೆ. ತೆಗೆದು ಮೂಸಿದಳು. ಗದ್ದೆಯ ಕೀಟಕ್ಕೆ ಹೊಡೆಯುವ ಹಳೇ ಔಷಧಿಯಾಗಿದ್ದರೆ ಊರಾಚೆಗೂ ಮೂಗಿಗೆ ಹೊಡೆಯುತ್ತಿತ್ತು. ಇದಕ್ಕೆ ನಾತವೇ ಇಲ್ಲ. ನಿನ್ನೆ ಸಂಜೆ ಗಾಳಿ ಗದ್ದೆ ಕಡೆಯಿಂದ ಏರಿಯ ಮೇಲಕ್ಕೆ ಬೀಸಿದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಒಣಹಾಕಿದ್ದ ಬಟ್ಟೆ ಆ ಗಾಳಿಗೇ ಹಾರಿ ಕೊಳಕ್ಕೆ ಬಿದ್ದಿತ್ತು.

ಆಮೇಲೆ ಏರಿಯ ಮೇಲಿನ ಹಿಪ್ಪುನೇರಳೆ ಗಿಡಗಳ ಕಡೆ ತಿರುಗಿದಳು. ರೆಂಬೆಗಳೆಲ್ಲ ಬೋಳು. ಕುಯ್ದ ಕಡೆ ಬಿಳಿ ಹಾಲು ಇನ್ನೂ ಒಸರುತ್ತಿತ್ತು. ಎಲೆ ಈಗಷ್ಟೇ ಛಿಯೆನ್ ದೊಡ್ಡಮ್ಮನ ಮನೆಗೆ, ರೇಷ್ಮೆ ಹುಳುವಿಗೆಂದು ಹೋಗಿದೆ.

ಹೋಗಿ ಹೇಳಿದರಾಯಿತು ಎನ್ನುವ ಹಾಗಿರಲಿಲ್ಲ. ಅದು ಹುಳುವಿನ ತಿಂಗಳು. ನಮ್ಮ ಸಾಂಗ್‌ತಾಂಗ್ ಊರಲ್ಲಿ ಮನೆಯ ಬಾಗಿಲಿಗೆ ಪೀಚ್ ಮರದ ಟೊಂಗೆ ಸಿಕ್ಕಿಸಿದರೆ ಮುಗಿಯಿತು, ಗೂಡು ಕಟ್ಟುವವರೆಗೆ ಹೊರಗಿನವರು ಹೊಸಿಲು ತುಳಿಯಬಾರದು. ಹೆತ್ತ ಮಗಳು ಬಂದರೂ ಅಂಗಳದಾಚೆಯಿಂದಲೇ ಹಿಂತಿರುಗಬೇಕು. ಕಂದಾಯದವನೂ ಆ ತಿಂಗಳು ಊರ ಕಡೆ ತಲೆ ಹಾಕುತ್ತಿರಲಿಲ್ಲ. ಹುಳುವಿನ ಮನೆಯೊಳಗೆ ಜೋರಾಗಿ ಮಾತಾಡಬಾರದು, ಎಣ್ಣೆಯಲ್ಲಿ ಏನೂ ಕರಿಯಬಾರದು, ಕೆಟ್ಟ ಮಾತು ಬಾಯಲ್ಲಿ ಬರಬಾರದು. ಯಾರಾದರೂ ಗೊತ್ತಿಲ್ಲದೆ ನುಗ್ಗಿದರೆ ಅವರ ಬೆನ್ನಿಗೆ ಮಣ್ಣು ಎಸೆದು ಓಡಿಸುತ್ತಾರೆ. ಆಮೇಲೆ ಬೆಳೆ ಕೆಟ್ಟಿತೋ, ನುಗ್ಗಿದವರ ಹೆಸರು ಸಾಯುವ ತನಕ ಅದಕ್ಕೆ ಅಂಟಿಕೊಳ್ಳುತ್ತದೆ.

ಅದರಲ್ಲೂ ಅಲಿಂಗ್. ತಾಯ್ ಸರೋವರದ ದೋಣಿಯವರ ಮಗಳು, ದೋಣಿಯಲ್ಲೇ ಹುಟ್ಟಿದವಳು. ಮದುವೆಯಾಗಿ ಬಂದಾಗ ನೆಲದ ಮೇಲೆ ನೆಟ್ಟಗೆ ನಡೆಯಲು ಬರುವುದಿಲ್ಲ, ಬಾತುಕೋಳಿ ಹಾಗೆ ಓಲಾಡುತ್ತಾಳೆ ಎಂದು ಹೆಂಗಸರು ಅಣಕಿಸುತ್ತಿದ್ದರು. ಗಂಡ ಶೌಗೆನ್ ಕೊಳದ ಕೆಲಸದವನು. ನೀರಲ್ಲೇ ನಿಂತು ನಿಂತು ಹೊಟ್ಟೆ ಉಬ್ಬರದ ರೋಗ ಹತ್ತಿ ನಡುವಯಸ್ಸಿಗೇ ಹೋಗಿಬಿಟ್ಟ. ಒಟ್ಟು ಸಾಗುವಳಿ ನಿಂತು ನೆಲ ಮನೆಮನೆಗೆ ಹಂಚಿಕೆಯಾದ ವರ್ಷ ಊರ ತುದಿಯ ಈ ಕೊಳ, ಅದರ ಬಡಗಣ ಏರಿ ಅವಳ ಪಾಲಿಗೆ ಬಂತು. ಯಾರಿಗೂ ಬೇಡವಾಗಿತ್ತು, ಅದಕ್ಕೇ ಬಂತು. ತೆಂಕಣ ಏರಿ ಛಿಯೆನ್ ಮನೆಯವರದು.

ಗಂಡ ಇಲ್ಲದವಳು, ಮೇಲಾಗಿ ಮೀನು ಮುಟ್ಟುವ ಕೈ. ರೇಷ್ಮೆ ಹುಳುವಿಗೆ ಮೀನಿನ ನಾತ ಆಗುವುದಿಲ್ಲ ಎಂದು ಹುಳು ಸಾಕುವ ಮನೆಯವರು ವಸಂತ ಬಂದರೆ ಅವಳ ನೆರಳಿಗೂ ಸರಿದು ನಿಲ್ಲುತ್ತಿದ್ದರು. ಆದರೂ ಅವಳ ಮನೆ, ಛಿಯೆನ್ ಮನೆ ಎರಡಕ್ಕೂ ಒಬ್ಬರನ್ನು ಬಿಟ್ಟು ಒಬ್ಬರಿಗೆ ನಡೆಯುತ್ತಿರಲಿಲ್ಲ. ದೊಡ್ಡಮ್ಮನ ಹುಳು ಎಲೆ ತಿಂದು ಹಾಕಿದ ಹಿಕ್ಕೆ, ಉಳಿದ ಎಲೆಚೂರು, ಪೊರೆ ಎಲ್ಲ ಬುಟ್ಟಿಗಟ್ಟಲೆ ಅಲಿಂಗಳ ಕೊಳಕ್ಕೆ. ಎಲೆಚೂರು ಹುಲ್ಲುಗೆಂಡೆ ಮೀನಿಗೆ ಆಯಿತು. ಹಿಕ್ಕೆ ಕರಗಿ ನೀರು ಹಸಿರಾಯಿತು, ಹಸಿರು ತಿಂದು ಕಣ್ಣಿಗೆ ಕಾಣದ ಹುಳಹುಪ್ಪಟೆ ಹುಟ್ಟಿತು, ಅದನ್ನು ಬೆಳ್ಳಿಗೆಂಡೆ ಸೋಸಿ ಕುಡಿಯಿತು. ಮೀನಿನ ಹೇಲು, ಕೊಳೆತದ್ದು, ಬಿದ್ದದ್ದು ಎಲ್ಲ ತಳಕ್ಕಿಳಿದು ಗೋಡಾಯಿತು. ಚಳಿಗಾಲದಲ್ಲಿ ಅಲಿಂಗ್ ಆ ಗೋಡು ಎತ್ತಿ ಎರಡೂ ಏರಿಗೆ ಬಳಿಯುತ್ತಿದ್ದಳು. ಗೋಡು ಉಂಡ ಗಿಡ ವಸಂತಕ್ಕೆ ಅಂಗೈಯಗಲದ ಎಲೆ ಬಿಡುತ್ತಿತ್ತು. ಎಲೆ ಮತ್ತೆ ಹುಳುವಿಗೆ. ಬಾಗಿಲಲ್ಲಿ ನಿಂತು ಮಾತಾಡದಿದ್ದರೂ ಹಿಕ್ಕೆ ಬರುವುದು, ಗೋಡು ಹೋಗುವುದು ಯಾವತ್ತೂ ನಿಂತಿರಲಿಲ್ಲ.

ಅಲಿಂಗ್ ಕಾಲುವೆ ಕಡೆಯ ತೂಬು ನೋಡಿದಳು. ಅದನ್ನು ಎಳೆದು ಹೊಸ ನೀರು ಬಿಟ್ಟರೆ ಕೊಳ ತೊಳೆದುಹೋಗುತ್ತದೆ. ಆದರೆ ಬೆಣೆ ಬಿಗಿದ ತೂಬು ಅದು, ಎಳೆಯಲು ಹೊತ್ತು ಬೇಕು, ಮತ್ತೆ ಅದಿರುವುದು ಮನೆಗಳ ವಿರುದ್ಧ ದಿಕ್ಕಿಗೆ. ಎಲೆಯ ಮೇಲಿನ ಇಬ್ಬನಿ ಆರುವವರೆಗೆ ದೊಡ್ಡಮ್ಮ ಹುಳುವಿಗೆ ಹಾಕುವುದಿಲ್ಲ. ನಾಲ್ಕನೇ ಜ್ವರ ಮುಗಿಸಿ, ಪೊರೆ ಕಳಚಿ ಎದ್ದ ಹುಳು, ಹೇಳತೀರದ ಹಸಿವು. ಇಬ್ಬನಿ ಆರಿದ ಗಳಿಗೆಯಲ್ಲೇ ಹಾಕುತ್ತಾಳೆ. ಬಿಸಿಲು ಆಗಲೇ ಗಿಡದ ತಲೆಗೆ ಬಂದಿತ್ತು.

“ಮೀನು ತಡೆದಾವು,” ಎಂದು ತನಗೆ ತಾನೇ ಹೇಳಿಕೊಂಡು ದೊಡ್ಡಮ್ಮನ ಮನೆ ಕಡೆ ಓಡಿದಳು.

ಛಿಯೆನ್ ಮನೆಯ ಹಿತ್ತಲಲ್ಲಿ ಸೊಸೆ ಬಾವ್ಚು ಬುಟ್ಟಿ ತೊಳೆಯುತ್ತಿದ್ದಳು. ಅಲಿಂಗಳನ್ನು ಕಂಡವಳೇ ಬುಟ್ಟಿ ಬಿಟ್ಟು ಎರಡೂ ಕೈ ಅಡ್ಡ ಚಾಚಿದಳು.

“ಅಕ್ಕಾ, ಬೇಡಿ! ಅಲ್ಲೇ ನಿಲ್ಲಿ. ಅತ್ತೆ ನೋಡಿದ್ರೆ ನನ್ನ ಚರ್ಮ ಸುಲೀತಾರೆ.”

“ಎಲೆ ಹಾಕಿದ್ರಾ?”

“ಯಾವ ಎಲೆ?”

“ತೆಂಕಣ ಏರಿದು ಕಣೇ. ಬೆಳಗ್ಗೆ ಕುಯ್ದದ್ದು. ಹಾಕಿದ್ರಾ ಇಲ್ವಾ?”

“ಕಿಟಕಿ ಹತ್ತಿರದ ಎರಡು ತಟ್ಟೆಗೆ ಹಾಕಿದ್ವಿ. ಮಿಕ್ಕಿದ್ದು ಆರ್ತಾ ಇದೆ. ಯಾಕಕ್ಕಾ? ಮುಖ ಯಾಕೆ ಹಂಗೆ ಮಾಡ್ಕೊಂಡಿದ್ದೀರಿ?”

ಅಲಿಂಗ್ ಬಾಯಿ ತೆರೆದಳು. ಹೇಳಬೇಕಾದ ಮಾತು ಹುಳುವಿನ ಮನೆಯ ಬಳಿ ಯಾರೂ ಆಡದ ಮಾತು. “ಫಾಶೆಂಗ್ ಗದ್ದೆಗೆ ಔಷಧಿ ಹೊಡೆದವ್ನೆ. ಗಾಳಿ ಈ ಕಡೆಗಿತ್ತು. ದಂಡೇಲಿ ಸೀಗಡಿ...” ಎಂದು ಅಷ್ಟಕ್ಕೇ ನಿಲ್ಲಿಸಿ, ಸತ್ತವೆನ್ನುವ ಹಾಗೆ ಅಂಗೈ ತಿರುವಿ ಬೋರಲು ಹಾಕಿ ತೋರಿಸಿದಳು.

ಬಾವ್ಚು ಮುಖ ಸುಣ್ಣವಾಯಿತು. ಅಷ್ಟರಲ್ಲಿ ಒಳಗಿನಿಂದ ಪಿಸುಮಾತಲ್ಲೇ ಗದರುವ ದನಿ ಬಂತು.

“ಯಾರೇ ಅದು? ಯಾರ ಜೊತೆ ಗುಸುಗುಸು?”

ದೊಡ್ಡಮ್ಮ ಬಾಗಿಲಿಗೆ ಬಂದಳು. ಗಿಡ್ಡ ಹೆಂಗಸು, ಕೂದಲಿಗೆ ನೀಲಿ ಬಟ್ಟೆ ಕಟ್ಟಿದ್ದಳು, ಹುಳುವಿನ ತಿಂಗಳು ಪೂರ್ತಿ ನಿದ್ದೆಗೆಟ್ಟು ಕಣ್ಣು ಕೆಂಡ. ಅಲಿಂಗಳನ್ನು ಕಂಡದ್ದೇ ಬಗ್ಗಿ ಹಿತ್ತಲ ಮಣ್ಣಿನ ಹೆಂಟೆಯೊಂದನ್ನು ಎತ್ತಿ ಬೀಸಿದಳು. ಭುಜಕ್ಕೆ ಬಿತ್ತು.

“ನಡೀ ಆಚೆ! ಮೀನು ನಾತದವಳೇ, ಬೇರೆ ದಿನ ಸಿಗ್ಲಿಲ್ವಾ ನಿನಗೆ?”

“ಹೊಡೀರಿ ದೊಡ್ಡಮ್ಮ, ಇನ್ನೊಂದು ಹೊಡೀರಿ. ಎಲೆ ಮಾತ್ರ ಹಾಕ್ಬೇಡಿ.”

“ನನ್ನ ಹುಳುವಿಗೆ ಏನು ಹಾಕ್ಬೇಕು ಅಂತ ನೀನು ಹೇಳ್ತೀಯಾ? ನೀರಲ್ಲಿ ಹುಟ್ಟಿದವಳು!”

“ನಿಮ್ಮ ಫಾಶೆಂಗ್ ನಿನ್ನೆ ಹೊಡೆದ ಔಷಧಿ ಗಿಡದ ಮೇಲೆ ಕೂತಿದೆ.”

ಆ ಮಾತು ಕೇಳಿ ಮುದುಕಿ ಇನ್ನೂ ಕೆರಳಿದಳು. ಫಾಶೆಂಗ್ ಅವಳ ಎರಡನೇ ಮಗ, ಬೇರೆ ಮನೆ ಮಾಡಿಕೊಂಡಿದ್ದ.

“ಸುಳ್ಳು ಹೇಳ್ಬೇಡ. ಅವನು ಔಷಧಿ ಹೊಡೆಯೋ ಮುಂಚೆ ನನ್ನ ಕೇಳ್ತಾನೆ. ಯಾವಾಗ್ಲೂ ಕೇಳ್ತಾನೆ. ನನ್ನ ಮಗನ ಮೇಲೆ ದೂರು ಹೊತ್ತುಕೊಂಡು ಬಂದೆಯಾ? ಎಲೆ ನಾನು ಮೂಸಿದ್ದೀನಿ. ಘಮ ಅಂತಿದೆ.”

“ಇದಕ್ಕೆ ನಾತ ಇಲ್ಲ ದೊಡ್ಡಮ್ಮ. ಹೊಸದು.”

“ನಾತ ಇರೋದು ನಿನಗೆ. ಬಾವ್ಚು, ಹೋಗು, ಎಲೆ ಆರಿರುತ್ತೆ. ಹುಳು ತಲೆ ಎತ್ತಿಕೊಂಡು ಕಾಯ್ತಾ ಇವೆ. ಹಾಕು.”

ಬಾವ್ಚು ಅತ್ತೆಯ ಮುಖ ನೋಡಿದಳು, ಅಲಿಂಗಳ ಮುಖ ನೋಡಿದಳು, ಕಾಲು ಕೀಳಲಿಲ್ಲ. ದೊಡ್ಡಮ್ಮ “ಥೂ” ಎಂದು ತಾನೇ ಒಳಗೆ ತಿರುಗಿದಳು. ನಡುಮನೆಯಲ್ಲಿ ಚಾಪೆ ಹಾಸಿ ಎಲೆ ಹರವಿತ್ತು. ಅದರಾಚೆಯ ಕೋಣೆಯಲ್ಲಿ ತಟ್ಟೆ ಮೇಲೆ ತಟ್ಟೆ, ಸೂರಿನ ತನಕ ಹುಳು. ಆ ಮನೆಯ ವರ್ಷದ ಅನ್ನ ಅದು.

ಅಲಿಂಗ್ ಆಗ ಮಾಡಿದ್ದನ್ನು ಊರು ಇವತ್ತಿಗೂ ಎರಡು ಥರ ಹೇಳುತ್ತದೆ. ಅವಳು ಹೊಸಿಲು ದಾಟಿದಳು. ಪೀಚ್ ಟೊಂಗೆಯ ಕೆಳಗೆ ತಲೆ ಬಗ್ಗಿಸಿ, ಕೆಸರುಗಾಲಲ್ಲೇ, ಮುದುಕಿಯನ್ನು ಹಾದು ಮುಂದೆ ಹೋಗಿ, ಎಲೆ ರಾಶಿಯ ಮೇಲೆ ಮೊಣಕಾಲೂರಿ ಕೂತಳು. ಮೀನು ಮುಟ್ಟಿದ ಎರಡೂ ಕೈಯನ್ನು ಮೊಣಕೈ ತನಕ ಎಲೆಯೊಳಕ್ಕೆ ತುರುಕಿ, ಅಡಿಮೇಲು ಮಾಡಿ ಕಲಸಿದಳು. ಚಾಪೆಯ ಈ ತುದಿಯಿಂದ ಆ ತುದಿವರೆಗೂ, ಒಂದು ಎಲೆಯನ್ನೂ ಬಿಡದ ಹಾಗೆ.

“ಈಗ ಹಾಕಿ,” ಅಂದಳು. “ಮೀನು ನಾತದ ಎಲೆ. ಹಾಕ್ತೀರಾ?”

ಕಿರುಚಬೇಕು ಅನ್ನಿಸಿದರೂ ಹುಳುವಿನ ಮನೆಯಲ್ಲಿ ಕಿರುಚುವ ಹಾಗಿಲ್ಲ. ಮುದುಕಿಯ ಗಂಟಲಿಂದ ಗಾಳಿ ಮಾತ್ರ ಹೊರಟಿತು. ಗೋಡೆ ಹಿಡಿದುಕೊಂಡಳು.

“ಮುಗಿಸಿಬಿಟ್ಟೆ. ನನ್ನ ಮನೆ ಮುಗಿಸಿಬಿಟ್ಟೆಯಲ್ಲೇ. ಏನು ಹಾಕ್ಲಿ ಈಗ? ಒಂದು ಹೊತ್ತು ಎಲೆ ತಪ್ಪಿದ್ರೆ ಇವು ಗೂಡು ಕಟ್ತಾವಾ? ನಾನು ನಿನಗೇನು ಮಾಡಿದ್ದೆ?”

ಅಲಿಂಗ್ ಎದ್ದಳು. ಒಂದು ವೇಳೆ ತಾನು ತಪ್ಪಿದ್ದರೆ? ಸೀಗಡಿ ಬೇರೆ ಯಾವುದಕ್ಕೋ ಸತ್ತಿದ್ದರೆ? ಒಳ್ಳೇ ಎಲೆಯನ್ನು ತನ್ನ ಕೈಯಾರೆ ಕೆಡಿಸಿದ್ದರೆ? ಹಾಗಾಗಿದ್ದರೆ ಈ ಊರಲ್ಲಿ ತನಗಿನ್ನು ಜಾಗವಿಲ್ಲ, ದೋಣಿಗೆ ವಾಪಸು ಹೋಗುವುದೇ. ಆ ದೋಣಿಯೂ ಈಗ ಯಾರ ಕೈಯಲ್ಲಿದೆಯೋ.

“ನನ್ನ ಏರಿ ಎಲೆ ಇದೆ,” ಅಂದಳು. “ಗಾಳಿ ಅಲ್ಲಿಗೆ ಮುಟ್ಟಿಲ್ಲ. ನಾಳೆ ಎಲೆ ಕೊಳ್ಳೋ ದೋಣಿಯವನು ಬರ್ತಾನೆ ಅಂತ ಬಿಟ್ಟಿದ್ದೆ. ಕುಯ್ಕೊಳ್ಳಿ.”

“ನಿನ್ನ ಎಲೆ! ನಿನ್ನ ಕೈ ಮುಟ್ಟಿದ ಎಲೆ!”

“ನಾನು ಮುಟ್ಟಲ್ಲ. ನೀವೇ ಕುಯ್ಯಿರಿ.”

ಮುದುಕಿ ಏನೋ ಹೇಳಲು ಹೊರಟಳು. ಅಷ್ಟರಲ್ಲಿ ಹುಳು ನೋಡಲು ಒಳಕೋಣೆಗೆ ಹೋಗಿದ್ದ ಬಾವ್ಚು ಕರೆದಳು.

“ಅತ್ತೇ... ಬನ್ನಿ ಒಂದ್ಸಲ. ಕಿಟಕಿ ಹತ್ತಿರದ್ದು...”

ಕಿಟಕಿ ಬಳಿಯ ತಟ್ಟೆಯಲ್ಲಿ ಎಲೆ ಅರ್ಧಕ್ಕೇ ನಿಂತಿತ್ತು. ಹುಳುಗಳು ಮೇಯುವುದು ಬಿಟ್ಟು ತಲೆ ಮೇಲೆತ್ತಿ ಆ ಕಡೆ ಈ ಕಡೆ ತೂಗುತ್ತಿದ್ದವು. ಒಂದು ಮೈ ತಿರುಚಿ ಮಗುಚಿಕೊಂಡಿತು. ಅದರ ಬಾಯಿಂದ ಹಸಿರು ನೀರು ಬಂತು. ಪಕ್ಕದ್ದಕ್ಕೂ ಬಂತು. ನೋಡುತ್ತಿದ್ದ ಹಾಗೆ ತಟ್ಟೆಯಿಡೀ ಒದ್ದಾಡತೊಡಗಿತು. ಅದರ ಕೆಳಗಿನ ತಟ್ಟೆಯೂ ಹಾಗೇ. ಎಲೆ ಸಿಗದೆ ಹಸಿದು ಕೂತಿದ್ದ ಮಿಕ್ಕ ತಟ್ಟೆಗಳಲ್ಲಿ ಮಾತ್ರ ಹುಳು ನೆಟ್ಟಗಿದ್ದವು.

ದೊಡ್ಡಮ್ಮ ಬೆರಳ ತುದಿಯಿಂದ ಒಂದು ಹುಳುವನ್ನು ಮುಟ್ಟಿದಳು, ಜ್ವರದ ಮಗುವಿನ ಹಣೆ ಮುಟ್ಟುವ ಹಾಗೆ. ಆಮೇಲೆ ತಲೆಗೆ ಕಟ್ಟಿದ ಬಟ್ಟೆ ಬಿಗಿ ಮಾಡಿಕೊಂಡಳು.

“ಬಾವ್ಚು, ಕುಡುಗೋಲು ತಗೋ. ಬಡಗಣ ಏರಿಗೆ ನಡೀ. ಇಬ್ಬನಿ ಇದ್ರೆ ಒರೆಸಿ ಹಾಕೋಣ.” ಬಾಗಿಲು ದಾಟುವಾಗ ಅಲಿಂಗಳ ಕಡೆ ನೋಡದೆಯೇ ಹೇಳಿದಳು: “ನೀನು ಗಿಡದಿಂದ ದೂರ ನಿಂತ್ಕೋ. ಯಾವ ಸಾಲು ಮೊದಲು ಅಂತ ಬಾಯಲ್ಲಿ ಹೇಳು.”

ಅತ್ತೆ ಸೊಸೆ ಕುಯ್ದರು, ಹೊತ್ತರು. ಬುಟ್ಟಿ ಹೋಗಿ ಬರುವುದರೊಳಗೆ ಹಸಿದ ಹುಳು ತಟ್ಟೆಯ ಅಂಚಿಗೆ ಹರಿದು ಬಂದಿದ್ದವು. ಎಲೆ ಬಿದ್ದ ಮೇಲೆ ಒಂದು ಗಳಿಗೆ ಮೂವರೂ ಉಸಿರು ಹಿಡಿದು ಕಿವಿಗೊಟ್ಟರು, ಅಲಿಂಗ್ ಹಿತ್ತಲಿಂದಲೇ. ಕರಕರ ಸದ್ದು ಮೊದಲು ಒಂದು ತಟ್ಟೆಯಲ್ಲಿ ಎದ್ದಿತು, ಆಮೇಲೆ ಕೋಣೆಯೆಲ್ಲ ತುಂಬಿತು. ಅದು ನಿಲ್ಲುತ್ತದೋ ಏನೋ ಎಂದು ಬಹಳ ಹೊತ್ತು ಕಾದರು. ನಿಲ್ಲಲಿಲ್ಲ.

ಆ ನೆಮ್ಮದಿಯಲ್ಲೇ ಇನ್ನೊಂದು ಅನಾಹುತ ಆಗುವುದರಲ್ಲಿತ್ತು. ಬಾವ್ಚು ಕೆಟ್ಟ ತಟ್ಟೆಗಳನ್ನು ಬುಟ್ಟಿಗೆ ಮಗುಚಿ, ಹುಳು, ಎಲೆ, ಹಿಕ್ಕೆ ಸಮೇತ ಎತ್ತಿಕೊಂಡು, ದಿನಾ ಹೋಗುವ ಕಾಲುದಾರಿಯಲ್ಲಿ ಕೊಳದ ಕಡೆ ನಡೆದಿದ್ದಳು. ಕೈಗೆ ರೂಢಿಯಾದ ಕೆಲಸ, ತಲೆ ಅದರಲ್ಲಿರಲಿಲ್ಲ. ಬುಟ್ಟಿಯ ಅಂಚು ನೀರಿನ ಮೇಲೆ ವಾಲಿದಾಗ ಅಲಿಂಗ್ ನೋಡಿದಳು. ಅವಳ ಕೂಗಿಗೆ ಏರಿಯ ಹಕ್ಕಿಗಳೆಲ್ಲ ಎದ್ದವು.

“ಬೇಡ್ವೇ! ಅಲ್ಲಿ ಬೇಡ!”

ಬುಟ್ಟಿ ಬಾವ್ಚು ಕೈಯಿಂದ ಜಾರಿ ದಂಡೆಯ ಮೇಲೇ ಕವುಚಿತು. “ಅಯ್ಯೋ, ನನ್ನ ಬುದ್ಧಿಗಿಷ್ಟು,” ಎಂದು ಅವಳು ಅಲ್ಲೇ ಕೂತು ಅತ್ತಳು.

ಕೊಳಕ್ಕೂ ಗಿಡಕ್ಕೂ ದೂರವಾಗಿ, ಹಳೇ ಇಟ್ಟಿಗೆ ಗೂಡಿನ ಹಿಂದೆ ಗುಂಡಿ ತೋಡಿ, ಸುಣ್ಣ ಸುರಿದು ಅದನ್ನೆಲ್ಲ ಮುಚ್ಚಿದರು. ಹುಳುವಿನಿಂದ ಬಂದದ್ದನ್ನು ಆ ಮನೆ ಹಾಗೆ ಮಣ್ಣಿಗೆ ಹಾಕಿ ಮುಚ್ಚಿದ್ದು ಅದೇ ಮೊದಲು.

ಗುಂಡಿ ಮುಚ್ಚಿ ಅಂಗಳಕ್ಕೆ ವಾಪಸಾದಾಗ ಫಾಶೆಂಗ್ ಬಂದ. ಅಂಗಳದ ಗಡಿಯಲ್ಲೇ ನಿಂತ, ಒಳಗೆ ಕಾಲಿಡಲಿಲ್ಲ. ಸುದ್ದಿ ಯಾರೋ ಮುಟ್ಟಿಸಿದ್ದರು.

“ಅಮ್ಮಾ, ಕೇಳೋಕೆ ಅಂತ ನಿನ್ನೆ ಬಂದಿದ್ದೆ. ಟೊಂಗೆ ಸಿಕ್ಕಿಸಿತ್ತು. ಬಾಗಿಲ ತನಕ ಬಂದು ವಾಪಸು ಹೋದೆ. ಒಳಗೆ ಬಂದ್ರೆ ಕಾಲು ಮುರೀತೀನಿ ಅಂತ ನೀನೇ ಅಂದಿದ್ದೆ.”

ಮುದುಕಿ ಗುದ್ದಲಿ ಊರಿಕೊಂಡು ಮಗನನ್ನು ನೋಡಿದಳು.

“ಕೂಗಬಾರದಿತ್ತಾ?” ಅಂದಳು.

“ಹುಳು ಇರೋ ಮನೆ ಮುಂದೆ ಯಾರಮ್ಮಾ ಕೂಗ್ತಾರೆ?”

ಅಲಿಂಗ್ ಅಷ್ಟರಲ್ಲಿ ತೂಬಿನ ಹತ್ತಿರ ಓಡಿದ್ದಳು. ಬೆಣೆ ಕಿತ್ತು ಕಾಲುವೆ ನೀರು ಬಿಡುವ ಹೊತ್ತಿಗೆ ಸೂರ್ಯ ನೆತ್ತಿಗೆ ಬಂದಿದ್ದ. ತೆಂಕಣ ಅಂಚಿನಲ್ಲಿ ಆ ವಸಂತದಲ್ಲಿ ಬಿಟ್ಟ ಹುಲ್ಲುಗೆಂಡೆ ಮರಿಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಆಳದಲ್ಲಿದ್ದ ದೊಡ್ಡ ಮೀನು ಉಳಿದವು. ಮರಿಗಳನ್ನು ಬಲೆಯಲ್ಲಿ ಬಾಚಿ, ಅವನ್ನೂ ಅದೇ ಗುಂಡಿಯ ಪಕ್ಕದಲ್ಲಿ ಹೂತಳು. ಬೆಳಗ್ಗೆ ಮೊದಲು ತೂಬಿಗೇ ಹೋಗಿದ್ದರೆ ಅವು ಬದುಕುತ್ತಿದ್ದವೇನೋ. ಆ ಮಾತನ್ನು ಅವಳು ಯಾರ ಹತ್ತಿರವೂ ಎತ್ತಲಿಲ್ಲ.

ಛಿಯೆನ್ ದೊಡ್ಡಮ್ಮ ಮಾತ್ರ ಎತ್ತಬೇಕಾದ್ದನ್ನೆಲ್ಲ ಎತ್ತಿದಳು. ಕಿಟಕಿ ಬಳಿಯ ತಟ್ಟೆ ಹೋದದ್ದು ಔಷಧಿಗೆ, ನಿಜ, ಆದರೆ ಮಿಕ್ಕ ಹುಳು ಆ ವರ್ಷ ಸೊರಗಿದ್ದು ಮೀನುಗಾರ್ತಿ ಹೊಸಿಲು ತುಳಿದದ್ದಕ್ಕೇ ಎಂದು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಎಲ್ಲರಿಗೂ ಹೇಳಿದಳು. ಹೇಳುತ್ತಲೇ ದಿನಾ ಬೆಳಗ್ಗೆ ಬಡಗಣ ಏರಿಗೆ ಬಂದು ಎಲೆ ಕುಯ್ಯುತ್ತಿದ್ದಳು. ಎಲೆ ದೋಣಿಯವನು ಬಂದು ಗಿಡ ಬೋಳಾದದ್ದು ಕಂಡು ಕೂಗಾಡಿದಾಗ, ಅಲಿಂಗ್ ಬಾಯಿ ತೆರೆಯುವ ಮೊದಲೇ ದೊಡ್ಡಮ್ಮ ಮೇಲಿಂದ ಬೈದು ಅವನನ್ನು ಕಾಲುವೆ ತಿರುವಿನವರೆಗೂ ಅಟ್ಟಿದಳು.

ಅಷ್ಟು ದಿನವೂ ಹಿಕ್ಕೆಯ ಬುಟ್ಟಿ ಕೊಳಕ್ಕೆ ಬರಲಿಲ್ಲ. ಅಲಿಂಗ್ ಬೇಡವೆಂದಿದ್ದಳು. ಒಳ್ಳೇ ತಟ್ಟೆಯದೇ ಆದರೂ ಅವಳಿಗೆ ನಂಬಿಕೆ ಸಾಲಲಿಲ್ಲ. ಹಿಕ್ಕೆ ಛಿಯೆನ್ ಮನೆಯ ಹಿತ್ತಲಲ್ಲಿ ಗುಡ್ಡೆ ಬೀಳುತ್ತಿತ್ತು, ಇತ್ತ ಕೊಳದ ನೀರು ತೆಳ್ಳಗಾಗುತ್ತ ಬಂತು. ಹೊಟ್ಟೆಗೆ ಸಾಲದೆ ದೊಡ್ಡ ಮೀನು ದಂಡೆಯ ಬೇರು ಕಚ್ಚುತ್ತಿದ್ದವು.

ಹುಳು ಹಣ್ಣಾಗಿ ಮೈ ಪಾರದರ್ಶಕವಾಗಿ, ಗೂಡು ಕಟ್ಟಲು ಹುಲ್ಲಿನ ಚಂದ್ರಿಕೆ ಹತ್ತಿದ ದಿನ ದೊಡ್ಡಮ್ಮ ತಾನೇ ಒಂದು ಬುಟ್ಟಿ ಹೊತ್ತು ದಂಡೆಗೆ ಬಂದಳು. ಮೇಲುಸಿರು ಬಿಡುತ್ತ ಅದನ್ನು ಅಲಿಂಗಳ ಕಾಲ ಬಳಿ ಇಳಿಸಿದಳು.

“ಇದು ನಿನ್ನ ಎಲೆ ತಿಂದು ಹಾಕಿದ್ದು,” ಅಂದಳು. “ತೆಂಕಣದ್ದು ಒಂದು ಎಸಳೂ ಇಲ್ಲ. ನಾನೇ ಜರಡಿ ಹಿಡಿದಿದ್ದೀನಿ.”

ಅಲಿಂಗ್ ಒಂದು ಹಿಡಿ ತೆಗೆದು ಮೂಸಿದಳು, ಮೂಗಿಗೆ ಏನು ತಿಳಿದೀತು. ದೊಡ್ಡಮ್ಮನ ಮುಖ ನೋಡಿದಳು. ಆಮೇಲೆ ಆ ಹಿಡಿಯನ್ನಷ್ಟೇ ಮೂಲೆಯೊಂದರಲ್ಲಿ ಎರಚಿ ಕೂತಳು. ಮುದುಕಿಯೂ ಪಕ್ಕದಲ್ಲಿ ಕೂತಳು, ಮೀನು ನಾತಕ್ಕೆ ಮೂಗು ಮುಚ್ಚದೆ.

“ತಿಂತಾವಾ?”

“ತಾಳಿ ದೊಡ್ಡಮ್ಮ.”

“ಎಷ್ಟೊತ್ತು?”

“ಮೀನಿಗೇನು ನಿಮ್ಮ ಹುಳುವಿನ ಅವಸರ ಇದೆಯಾ?”

ನೀರು ಅಲುಗಿತು. ಕರೀ ಬೆನ್ನೊಂದು ಬಂದು ಎಲೆಚೂರು ಎಳೆದುಕೊಂಡು ಮುಳುಗಿತು. ಇನ್ನೊಂದು ಬಂತು. ಇಬ್ಬರೂ ಅದು ಮಗುಚಿ ಮೇಲೆ ಬರುತ್ತದೋ ಎಂದು ಬಿಸಿಲು ಏರಿಯ ಆಚೆಗೆ ಜಾರುವ ತನಕ ಕಾದರು. ಬರಲಿಲ್ಲ. ಮತ್ತಷ್ಟು ಮೀನು ಬಂದು ಖಾಲಿ ನೀರಲ್ಲೇ ಬಾಯಿ ಹಾಕಿ ಹುಡುಕತೊಡಗಿದವು.

“ಹಾಕೇ,” ಅಂದಳು ದೊಡ್ಡಮ್ಮ. “ಉಪವಾಸ ಕೆಡವಿ ಯಾಕೆ ಕೂರಿಸ್ತೀಯಾ?”

ಅಲಿಂಗ್ ಬುಟ್ಟಿ ಎತ್ತಿ ನೀರಿಗೆ ಮಗುಚಿದಳು.